ಹಳೇ ಕಾರು ಮಾರಿದ 22 ದಿನಕ್ಕೆ 46 ಸಾವಿರ ರಿಪೇರಿ ಬಂದಿದೆ. ಯಾರು ಕೊಡಬೇಕು, ಲೆಕ್ಕದಲ್ಲಿ ಎಲ್ಲಿ ಬರೆಯಬೇಕು?

ಕೆಎ17 ಯಾರ್ಡ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಹಳೇ ಕಾರುಗಳ ಸಣ್ಣ ಯಾರ್ಡ್ ಇಟ್ಟಿದ್ದೇನೆ. ನಾನು, ನನ್ನ ಭಾವಮೈದ ಇಬ್ಬರೇ ಪಾರ್ಟ್‌ನರ್. ಒಂದು ಸಲಕ್ಕೆ ಏಳೆಂಟು ಗಾಡಿ ನಿಂತಿರುತ್ತವೆ, ಅಷ್ಟೆ.

2014ರ ಡೀಸೆಲ್ ಸೆಡಾನ್ ಒಂದನ್ನು 2,60,000ಕ್ಕೆ ತಂದೆವು. ಎರಡು ಟೈರ್, ಟಿಂಕರಿಂಗ್, ಪೇಂಟಿಂಗ್, ಇನ್ಶೂರೆನ್ಸ್ ಅಂತ 31,500 ಹಾಕಿದೆವು. ಹರಿಹರದ ಮೇಷ್ಟ್ರೊಬ್ಬರಿಗೆ 3,40,000ಕ್ಕೆ ಕೊಟ್ಟೆವು. ಉಳಿದ 48,500ನ್ನು ಅವತ್ತೇ ಅರ್ಧರ್ಧ ಹಂಚಿಕೊಂಡು, ನೋಟ್‌ಬುಕ್ಕಿನ ಆ ಪುಟಕ್ಕೆ ಅಡ್ಡಗೆರೆ ಎಳೆದು ಇಬ್ಬರೂ ಸಹಿ ಹಾಕಿದೆವು.

22ನೇ ದಿನ ಮೇಷ್ಟ್ರು ಬಂದರು. ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೊ ಸೀಟಿ ಹೊಡೆಯುತ್ತಿದೆ, ಎಳೆತ ಇಲ್ಲ, ನೀಲಿ ಹೊಗೆ. ಹೊಸ ಟರ್ಬೊ ಹಾಕಬೇಕು ಅಂತ ಗ್ಯಾರೇಜಿನವರು 46,000 ಎಸ್ಟಿಮೇಟ್ ಕೊಟ್ಟಿದ್ದಾರೆ. ಡೆಲಿವರಿ ನೋಟಿನಲ್ಲಿ 'ಇದ್ದ ಸ್ಥಿತಿಯಲ್ಲೇ ಮಾರಲಾಗಿದೆ' ಅಂತ ಬರೆದಿದೆ, ಮೇಷ್ಟ್ರು ಸಹಿನೂ ಹಾಕಿದ್ದಾರೆ. ಆದರೆ ಕೀ ಕೊಡುವಾಗ ಭಾವಮೈದ 'ಒಂದು ತಿಂಗಳು ಏನೇ ಬಂದರೂ ನಾವಿದ್ದೀವಿ ಸಾರ್' ಅಂದದ್ದನ್ನು ನಾನೇ ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಈಗ ಅವನು, ಆ ಪುಟ ಮುಗಿದಿದೆ, ಖರ್ಚನ್ನು ಮುಂದಿನ ಗಾಡಿ ಮೇಲೆ ಹಾಕು ಅನ್ನುತ್ತಾನೆ. ಮುಂದಿನ ಗಾಡಿಗೆ ದುಡ್ಡು ಹಾಕಿರುವವನು ನಾನೊಬ್ಬನೇ.

ಇಂಥದ್ದು ಬಂದಾಗ ನೀವೆಲ್ಲ ಏನು ಮಾಡುತ್ತೀರಿ? ಎಷ್ಟು ಕೊಡುತ್ತೀರಿ, ಎಲ್ಲಿ ಬರೆಯುತ್ತೀರಿ?

ಹುಬ್ಬಳ್ಳಿ ಹಳೇಗಾಡಿ

ಅಣ್ಣಾ, ಈ ಧಂದೆಯಲ್ಲಿ ನನಗೆ ಹನ್ನೊಂದು ವರ್ಷ. ಮೊದಲ ನಾಲ್ಕು ವರ್ಷ ನಾನೂ ಮಾರಿದ ದಿನವೇ ಲಾಭ ಎಣಿಸುತ್ತಿದ್ದೆ. ಅದನ್ನು ಬಿಡಿಸಿದ್ದು 2019ರಲ್ಲಿ ಮಾರಿದ ಒಂದು ಏಳು ಸೀಟಿನ ಡೀಸೆಲ್ ಗಾಡಿ.

ಕೊಂಡ ಪಾರ್ಟಿ ಕುಟುಂಬ ಸಮೇತ ಗೋಕರ್ಣಕ್ಕೆ ಹೊರಟಿದ್ದರು. ಯಲ್ಲಾಪುರ ದಾಟಿ ಅರೇಬೈಲ್ ಘಾಟಿನಲ್ಲಿ ಗಾಡಿ ನಿಂತುಬಿಟ್ಟಿತು. ರಾತ್ರಿ ಎಂಟೂವರೆ, ಮಳೆ ಬೇರೆ, ಗಾಡಿಯಲ್ಲಿ ಎರಡು ಮಕ್ಕಳು. ನನಗೆ ಫೋನ್ ಬಂತು. ಬೇರೆ ಗಾಡಿ ಕಳಿಸಿ ಅವರನ್ನು ಅಂಕೋಲಾಕ್ಕೆ ಮುಟ್ಟಿಸಿದೆ. ಆ ಗಾಡಿಯನ್ನು ಹುಬ್ಬಳ್ಳಿಗೆ ಎಳೆತರಲು 6,500. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಲ್ಕೂ ಇಂಜೆಕ್ಟರ್ ಹೋಗಿದ್ದವು, ಒಂದಕ್ಕೆ 14,500ರ ಹಾಗೆ 58,000. ಪಂಪ್ ಟೆಸ್ಟಿಂಗ್ 3,200. ಲೇಬರ್ 4,500. ಒಟ್ಟು 72,200. ಆ ಗಾಡಿಯಲ್ಲಿ ನನಗೆ ಸಿಕ್ಕಿದ್ದು 41,000. ಕೊನೆಗೆ ಅರ್ಧ ನಾನು, ಅರ್ಧ ಅವರು ಅಂತ ಮಾತಾಯಿತು. ಮನೆಯಲ್ಲಿ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ ನಾನು. ಅದೇ ಪಾರ್ಟಿ ಆಮೇಲೆ ಅವರ ಅಳಿಯನಿಗೆ ಒಂದು, ಆಫೀಸಿನವರಿಗೆ ಎರಡು ಗಾಡಿ ನನ್ನ ಹತ್ತಿರವೇ ಕೊಡಿಸಿದರು. ಹಾಗಾಗಿ ಕೊಟ್ಟಿದ್ದಕ್ಕೆ ಇವತ್ತಿಗೂ ಬೇಸರವಿಲ್ಲ.

ಅಲ್ಲಿಂದ ಒಂದು ಪದ್ಧತಿ ಮಾಡಿಕೊಂಡೆ. ಪ್ರತಿ ಗಾಡಿ ಮಾರಿದಾಗ 6,000 ತೆಗೆದು ಬೇರೆ ಬ್ಯಾಂಕ್ ಖಾತೆಗೆ ಹಾಕುವುದು. ಯಾವ ಗಾಡಿಗೆ ರಿಪೇರಿ ಬಂದರೂ ಅದರಿಂದಲೇ. ಹೋದ ವರ್ಷ 38 ಗಾಡಿ ಹೋದವು, 2,28,000 ಸೇರಿತು. 1,71,400 ಖರ್ಚಾಯಿತು. ಉಳಿದ 56,600ನ್ನು ದೀಪಾವಳಿಗೆ ಹಂಚಿಕೊಂಡೆವು. ಯಾವ ಗಾಡಿಯ ಪುಟವನ್ನೂ ತಿರುಗಿ ತೆರೆಯುವ ಕೆಲಸವಿಲ್ಲ. ಬಾಯಿ ಮಾತು ಕೊಡುವುದು ನಿಲ್ಲಿಸಿದ್ದೇನೆ. ರಬ್ಬರ್ ಸ್ಟ್ಯಾಂಪ್ ಮಾಡಿಸಿದ್ದೇನೆ: 'ಎಂಜಿನ್, ಗೇರ್‌ಬಾಕ್ಸ್ ಮಾತ್ರ, 30 ದಿನ ಅಥವಾ 1,000 ಕಿಲೋಮೀಟರ್, ಅರ್ಧ ಖರ್ಚು ನಮ್ಮದು.'

ಮೈಸೂರು 09

ಅರ್ಧ ಯಾಕೆ ಸ್ವಾಮಿ? ಕೆಟ್ಟ ಗಾಡಿ ಕೊಟ್ಟವರು ನೀವು, ಅರ್ಧ ಕಟ್ಟುವವರು ನಾವಾ? ಇಲ್ಲಿ ಎಲ್ಲರೂ ಮಾರುವವರ ಕಡೆಯಿಂದಲೇ ಮಾತಾಡುತ್ತಿದ್ದೀರಿ. ಕೊಂಡವನ ಪಾಡು ನಾನು ಹೇಳುತ್ತೇನೆ.

2022ರಲ್ಲಿ 4,15,000 ಕೊಟ್ಟು ಒಂದು ಹ್ಯಾಚ್‌ಬ್ಯಾಕ್ ತೆಗೆದುಕೊಂಡೆ. ಮೂರು ಲಕ್ಷ ಸಾಲ, ತಿಂಗಳಿಗೆ 7,900 ಕಂತು. ಮೀಟರಿನಲ್ಲಿ 48,000 ಕಿಲೋಮೀಟರ್. ಎರಡನೇ ವಾರ ಚೈನಿನ ಸದ್ದು ಶುರುವಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಡಬ್ಬದಲ್ಲಿ ಕಲ್ಲು ಅಲುಗಿಸಿದ ಹಾಗೆ. ಕಂಪನಿ ವರ್ಕ್‌ಶಾಪಿನಲ್ಲಿ ಹಳೇ ಸರ್ವಿಸ್ ದಾಖಲೆ ತೆಗೆಸಿದರೆ, 2020ರಲ್ಲೇ ಆ ಗಾಡಿ 1,12,000 ಓಡಿತ್ತು! ಟೈಮಿಂಗ್ ಚೈನ್ 21,800, ಕ್ಲಚ್ 13,400, ಲೋವರ್ ಆರ್ಮ್ ಎರಡೂ ಕಡೆ 6,200, ಎಸಿ ಕಂಪ್ರೆಸರ್ 24,500. ನಾಲ್ಕು ತಿಂಗಳಲ್ಲಿ 65,900. ಹೆಂಡತಿಯ ಬಳೆ ಅಡ ಇಟ್ಟು ಎಸಿ ಕಂಪ್ರೆಸರ್ ಹಾಕಿಸಿದ್ದೇನೆ, ಅಮ್ಮನಿಗೆ ಉಬ್ಬಸ ಅಂತ.

ಮಾರಿದವನು 'ಇದ್ದ ಸ್ಥಿತಿಯಲ್ಲೇ' ಅನ್ನುವ ಇದೇ ಸಾಲು ತೋರಿಸಿದ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದೆ. ಆಗ ದೂರು ಕೊಡಲು ಇದ್ದ ಆನ್‌ಲೈನ್ ತಾಣ ಈ-ದಾಖಿಲ್‌ನಲ್ಲಿ ಮನೆಯಿಂದಲೇ ಅರ್ಜಿ ಹಾಕಿದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಫೀಸೂ ಇಲ್ಲ. ವಕೀಲರನ್ನು ಇಟ್ಟುಕೊಳ್ಳಲಿಲ್ಲ. ಹದಿನಾಲ್ಕು ತಿಂಗಳು, ಒಂಬತ್ತು ಸಲ ರಜೆ ಹಾಕಿ ಹೋದೆ. ಮೀಟರ್ ತಿದ್ದಿದ್ದು ದಾಖಲೆಯಲ್ಲೇ ಇದ್ದುದರಿಂದ ಆ ಸಾಲು ಅವನನ್ನು ಕಾಪಾಡಲಿಲ್ಲ. 45,000 ಬಂತು. ಎರಡು ವರ್ಷದೊಳಗೆ ದೂರು ಕೊಡಬೇಕು, ಅದನ್ನು ಮಾತ್ರ ಮರೆಯಬೇಡಿ ಕೊಂಡವರು.

ಹುಬ್ಬಳ್ಳಿ ಹಳೇಗಾಡಿ

ಮೀಟರ್ ತಿದ್ದುವವನನ್ನು ನನ್ನ ಜೊತೆ ಸೇರಿಸಬೇಡಿ. ಹನ್ನೊಂದು ವರ್ಷದಲ್ಲಿ ಒಂದು ಮೀಟರ್ ಮುಟ್ಟಿಲ್ಲ ನಾನು. ಹತ್ತು ವರ್ಷದ ಗಾಡಿ ತೆಗೆದುಕೊಂಡು ಹೊಸ ಗಾಡಿಯ ವಾರಂಟಿ ಕೇಳಿದರೆ ಯಾರು ಕೊಡುತ್ತಾರೆ? ಇಂಜೆಕ್ಟರ್ ಹೊರಗಿನಿಂದ ಕಾಣುವುದಿಲ್ಲ ಸಾರ್, ನನಗೂ ಕಾಣುವುದಿಲ್ಲ.

ಮೈಸೂರು 09

ಕಾಣುವುದಿಲ್ಲ ಅಂದರೆ ಸ್ಕ್ಯಾನರ್ ಹಾಕಿ ನೋಡಿ. ಸಾವಿರ ರೂಪಾಯಿ ಖರ್ಚು. ನೋಡಿದರೆ ಗೊತ್ತಾಗಿಬಿಡುತ್ತೆ ಅಂತ ನೋಡುವುದಿಲ್ಲ ನೀವು.

ಸ್ಪ್ಯಾನರ್ ಶಿವಮೊಗ್ಗ

ಗ್ಯಾರೇಜಿನವನ ಮಾತೂ ಸ್ವಲ್ಪ ಕೇಳಿ. ಇಪ್ಪತ್ತೊಂದು ವರ್ಷದಿಂದ ಡೀಸೆಲ್ ಕೆಲಸ ಮಾಡುತ್ತಿದ್ದೇನೆ. ಟರ್ಬೊ ಸುಮ್ನೆ ಹೋಗುವುದಿಲ್ಲ. ಆಯಿಲ್ ಸರಿಯಾಗಿ ಬರದೆ ಹೋಗುತ್ತದೆ. ಹಿಂದಿನ ಮಾಲೀಕ ಹತ್ತು ಸಾವಿರ ಕಿಲೋಮೀಟರಿಗೆ ಬದಲಿಸಬೇಕಾದ ಆಯಿಲನ್ನು ಇಪ್ಪತ್ತು ಸಾವಿರ ಓಡಿಸಿರುತ್ತಾನೆ. ಅದು ಗಟ್ಟಿಯಾಗಿ ಕೂತು, ಟರ್ಬೊಗೆ ಹೋಗುವ ಸಣ್ಣ ಪೈಪಿನಲ್ಲಿ ಇದ್ದಿಲಾಗಿರುತ್ತದೆ. ಹೋದ ತಿಂಗಳು ಒಂದು ಪೈಪ್ ಬಿಚ್ಚಿದೆ. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣಲಿಲ್ಲ, ಸೂಜಿ ತೂತಿನಷ್ಟು ಜಾಗ ಇತ್ತು. ಅಂಥದ್ದಕ್ಕೆ 46,000ದ ಹೊಸ ಟರ್ಬೊ ಕೂರಿಸಿದರೂ ತಿಂಗಳಿಗೆ ಅದೂ ಹೋಗುತ್ತದೆ.

ಮೊದಲು ಏರ್ ಪೈಪ್ ಬಿಚ್ಚಿಸಿ, ಟರ್ಬೊ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ. ರೆಕ್ಕೆ ಗೋಡೆಗೆ ತಾಗುತ್ತಿದ್ದರೆ, ಹಿಂದೆ ಮುಂದೆ ಸರಿಯುತ್ತಿದ್ದರೆ ಮುಗಿಯಿತು. ಆಗಲೂ ಪೂರ್ತಿ ಹೊಸದು ಬೇಕಾಗಿಲ್ಲ, ಒಳಗಿನ ಕೋರ್ ಮಾತ್ರ ಹಾಕಿ ರೀಕಂಡೀಷನ್ ಮಾಡಬಹುದು. ಆದರೆ ಆಯಿಲ್ ಪೈಪ್ ಹೊಸದು, ಸಂಪ್ (ಎಂಜಿನ್ ಅಡಿಯ ಆಯಿಲ್ ತಟ್ಟೆ) ಇಳಿಸಿ ಜಾಲರಿ ಕ್ಲೀನ್, ಇಂಟರ್‌ಕೂಲರ್ ತೊಳೆಯುವುದು, ಈ ಮೂರು ಬಿಡಬೇಡಿ.

ಇನ್ನೊಂದು ಹೊಟ್ಟೆಯುರಿ ಇದೆ, ಹೇಳಿಬಿಡುತ್ತೇನೆ. ಯಾರ್ಡಿನವರು ಗಾಡಿ ತರುವಾಗ 'ಹೊಗೆ ಕಾಣಬಾರದು ಅಷ್ಟು ಮಾಡಿಕೊಡಿ' ಅನ್ನುತ್ತಾರೆ. ನಾನು 18,000ದ ಕೆಲಸ ಇದೆ ಅಂದರೆ, 2,000ಕ್ಕೆ ದಪ್ಪ ಆಯಿಲ್ ಹಾಕಿ ಕಳಿಸಿ ಅನ್ನುತ್ತಾರೆ. ಮಾರಿದ ಮೇಲೆ ಅದೇ ಗಾಡಿ ನನ್ನ ಬಾಗಿಲಿಗೇ ಬರುತ್ತದೆ. ಯಾರ್ಡಿನವನು 'ಪಾರ್ಟಿ ಕೊಡ್ತಾರೆ' ಅಂದ, ಪಾರ್ಟಿ 'ಯಾರ್ಡಿನವರು ಕೊಡ್ತಾರೆ' ಅಂದರು. ನನ್ನ 34,000 ಎರಡು ವರ್ಷದಿಂದ ನಿಂತಿದೆ. ಸ್ಪೇರ್ ಪಾರ್ಟ್ಸ್ ಅಂಗಡಿಗೆ ನಾನು ಕೈಯಿಂದ ಕಟ್ಟಿದ್ದೇನೆ. ಈಗ ಯಾರು ಕೊಡುತ್ತಾರೆ ಅಂತ ಕಾಗದದ ಮೇಲೆ ಬರೆಸದೆ ಬಾನೆಟ್ ಎತ್ತುವುದಿಲ್ಲ.

ಹುಬ್ಬಳ್ಳಿ ಹಳೇಗಾಡಿ

ದಪ್ಪ ಆಯಿಲ್ ಹಾಕಿದವರು ಯಾರು? ನೀವೇ ಅಲ್ವಾ? ಹಾಕುವುದಿಲ್ಲ ಅಂತ ಹೇಳಬಹುದಿತ್ತು.

ಸ್ಪ್ಯಾನರ್ ಶಿವಮೊಗ್ಗ

ಹೇಳಿದ್ದೇನೆ. ಹೇಳಿದ ಮೇಲೆ ಮೂರು ಯಾರ್ಡಿನ ಕೆಲಸ ನಿಂತುಹೋಯಿತು. ಇಬ್ಬರು ಹುಡುಗರನ್ನು ಮನೆಗೆ ಕಳಿಸಬೇಕಾಯಿತು. ಅವರ ಸಂಬಳ ನೀವು ಕೊಡುತ್ತಿದ್ದಿರಾ?

ತುಮಕೂರು ಲೆಕ್ಕಪತ್ರ

ಸ್ವಲ್ಪ ಲೆಕ್ಕದ ಕಡೆ ಬನ್ನಿ. ನಾನು ಮೂರು ಯಾರ್ಡುಗಳ ಲೆಕ್ಕ ಬರೆಯುತ್ತೇನೆ. ಮುಗಿದ ಪುಟವನ್ನು ತಿದ್ದಬೇಡಿ, ಅದು ತಪ್ಪು. ದುಡ್ಡು ಕೊಟ್ಟ ತಾರೀಖಿಗೆ ಖರ್ಚು ಬರೆಯಿರಿ, ಆದರೆ ಅದೇ ಗಾಡಿಯ ನಂಬರ್ ಮೇಲೆ. ಪ್ರತಿ ನಂಬರಿಗೂ ಒಂದು ಖಾತೆ ಇದ್ದರೆ ಮಾರಿದ ಆರು ತಿಂಗಳ ಮೇಲೂ ಆ ಗಾಡಿ ಲಾಭವೋ ನಷ್ಟವೋ ಕಾಣುತ್ತದೆ. ಮುಂದಿನ ಗಾಡಿಗೆ ಹಾಕಿದರೆ ಎರಡು ಗಾಡಿಯ ಲೆಕ್ಕವೂ ಸುಳ್ಳಾಗುತ್ತದೆ.

ಇನ್ನು ಜಿಎಸ್‌ಟಿ. 2025ರ ಜನವರಿ 16ರಿಂದ ಹಳೇ ಗಾಡಿಗಳ ಮಾರ್ಜಿನ್ ಮೇಲೆ ತೆರಿಗೆ 18%. ನೋಂದಣಿ ಇರುವ ಡೀಲರಿಗೆ ಮಾರ್ಜಿನ್ ಅಂದರೆ ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದದ್ದು. ನಿಮ್ಮ ಗಾಡಿಯಲ್ಲಿ ಅದು 80,000, ತೆರಿಗೆ 14,400. ನೀವು ಹಾಕಿದ 31,500 ಅಲ್ಲಿ ಕಳೆಯುವ ಹಾಗಿಲ್ಲ, ಈಗಿನ 46,000ವೂ ಇಲ್ಲ. ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚಾಗಿ ಬರುತ್ತದೆ, ಬಿಲ್ ಇದ್ದರೆ. ಈಗ ಕೂಡಿಸಿ ನೋಡಿ. 48,500ರಲ್ಲಿ 14,400 ಹೋಯಿತು, 46,000 ಹೋಯಿತು. 11,900 ಕೈಯಿಂದ. ನೀವಿಬ್ಬರೂ ಹಂಚಿಕೊಂಡದ್ದು ಇಲ್ಲದ ಲಾಭವನ್ನು.

ಹುಬ್ಬಳ್ಳಿ ಹಳೇಗಾಡಿ

ನಮ್ಮ ಲೆಕ್ಕದವರು ಪೇಂಟಿಂಗ್, ಟೈರ್ ಎಲ್ಲ ಕೊಂಡ ಬೆಲೆಗೆ ಸೇರಿಸಿಯೇ ಮಾರ್ಜಿನ್ ತೆಗೆಯುತ್ತಾರೆ. ಇಷ್ಟು ವರ್ಷ ಏನೂ ಆಗಿಲ್ಲ.

ತುಮಕೂರು ಲೆಕ್ಕಪತ್ರ

ಏನೂ ಆಗಿಲ್ಲ ಅಂದರೆ ಇನ್ನೂ ನೋಟಿಸ್ ಬಂದಿಲ್ಲ ಅಂತ ಅರ್ಥ. ನನ್ನ ಒಬ್ಬ ಕಕ್ಷಿದಾರರಿಗೆ ಬಂತು. ಹಿಂದಿನ ಲೆಕ್ಕದವರು ಹೀಗೇ ಮಾಡಿದ್ದರು. ಬಡ್ಡಿ ಸೇರಿ ಕಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ನಿಮ್ಮ 6,000ದ ಖಾತೆಯನ್ನೂ ವಿಚಾರಿಸಿಕೊಳ್ಳಿ. ಪಕ್ಕಕ್ಕೆ ಎತ್ತಿಟ್ಟ ದುಡ್ಡೆಲ್ಲ ಖರ್ಚಲ್ಲ, ಅದರಿಂದ ರಿಪೇರಿಗೆ ಹೋದದ್ದಷ್ಟೇ ಖರ್ಚು.

ಉಡುಪಿ 20

ರಿಪೇರಿ ಖರ್ಚು ಅಂತ ಒದ್ದಾಡುತ್ತಿದ್ದೀರಿ, ಆರ್‌ಸಿ (ಗಾಡಿಯ ನೋಂದಣಿ ಪತ್ರ) ವರ್ಗಾವಣೆ ಆಗಿದೆಯಾ ಅದನ್ನು ಮೊದಲು ನೋಡಿ. ನಾನು ಡೀಲರ್ ಅಲ್ಲ. ನನ್ನ ಸ್ವಂತ ಕಾರನ್ನು ಒಬ್ಬ ಬ್ರೋಕರಿಗೆ ಕೊಟ್ಟೆ, ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿಸಿಕೊಂಡು ಹೋದ. ಅವನು ಇನ್ನೊಬ್ಬರಿಗೆ ಮಾರಿದ. ಅವರಿಗೆ ಗೇರ್‌ಬಾಕ್ಸ್ ತೊಂದರೆ ಬಂತು. ಬ್ರೋಕರ್ ಫೋನ್ ಎತ್ತಲಿಲ್ಲ, ಆರ್‌ಸಿಯಲ್ಲಿ ನನ್ನ ಹೆಸರು ನೋಡಿ ನನ್ನ ಮನೆಗೇ ಬಂದರು. ಅಂಗಳದಲ್ಲಿ ನಿಂತು 38,000 ಕೊಡಿ ಅಂತ ಕೂಗಾಟ. ಅಕ್ಕಪಕ್ಕದವರೆಲ್ಲ ಹೊರಗೆ ಬಂದರು. ನನ್ನ ಅಪ್ಪ ಶಿಕ್ಷಕರಾಗಿದ್ದವರು, ಆ ದಿನ ಊಟ ಮಾಡಲಿಲ್ಲ. ಮೇಲೆ ಆರು ಟ್ರಾಫಿಕ್ ಚಲನ್, 4,500 ನಾನೇ ಕಟ್ಟಿದೆ.

2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತಿದೆ. ಗಾಡಿ ಎಷ್ಟು ಕೈ ದಾಟಿದ್ದರೂ ಅಪಘಾತದ ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು. 2023ರ ಏಪ್ರಿಲ್‌ನಿಂದ ಹಳೇ ಗಾಡಿ ಡೀಲರುಗಳೂ ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ತೆಗೆದುಕೊಳ್ಳಬೇಕು. ಗಾಡಿ ತೆಗೆದುಕೊಂಡ ಕೂಡಲೇ ಫಾರಂ 29ಸಿಯಲ್ಲಿ ತಿಳಿಸಿದರೆ ಅಲ್ಲಿಂದ ಜವಾಬ್ದಾರಿ ಡೀಲರಿನದ್ದು. ದಾವಣಗೆರೆಯವರೇ, ನಿಮ್ಮ ಹತ್ತಿರ ಆ ಪತ್ರ ಇದೆಯಾ?

ಹುಬ್ಬಳ್ಳಿ ಹಳೇಗಾಡಿ

ನಿಮ್ಮ ಕಡೆಯ ಗಾಡಿ ನಾನು ಮುಟ್ಟುವುದೇ ಇಲ್ಲ. ಉಪ್ಪು ಗಾಳಿಗೆ ಅಡಿ ಪೂರ್ತಿ ತುಕ್ಕು. ಒಂದು ಸಲ ಜಾಕ್ ಹಾಕಿದರೆ ಜಾಕ್ ಒಳಗೇ ಹೋಯಿತು. ತಗಡು ಬಡಿಸಿ, ವೆಲ್ಡಿಂಗ್ ಮಾಡಿಸಿ 27,000.

ಉಡುಪಿ 20

ನನ್ನ ಗಾಡಿಯ ಅಡಿ ನೀವು ನೋಡಿದ್ದೀರಾ? ಪ್ರತಿ ಮಳೆಗಾಲಕ್ಕೆ ಮೊದಲು ಅಡಿಗೆ ಕೋಟಿಂಗ್ ಮಾಡಿಸುತ್ತಿದ್ದೆ, ಮಳೆ ಮುಗಿದ ಮೇಲೆ ಇನ್ನೊಂದು ಸಲ ತೊಳೆಸುತ್ತಿದ್ದೆ. ನಮ್ಮ ಊರಿನವರೆಲ್ಲ ತುಕ್ಕು ಗಾಡಿ ಮಾರುತ್ತಾರೆ ಅನ್ನುವ ಮಾತು ವಾಪಸ್ ತೆಗೆದುಕೊಳ್ಳಿ. ಇಲ್ಲಿ ಕೇಳಿದ್ದು ಒಂದು, ನೀವು ಎಲ್ಲರ ಮೇಲೂ ಬೀಳುತ್ತಿದ್ದೀರಿ.

ಹುಬ್ಬಳ್ಳಿ ಹಳೇಗಾಡಿ

ನಿಮ್ಮೊಬ್ಬರ ಗಾಡಿಗೆ ಹೇಳಲಿಲ್ಲ. ನಾನು ಕಂಡದ್ದು ಹೇಳಿದೆ. ವಾಪಸ್ ತೆಗೆದುಕೊಳ್ಳುವಂಥದ್ದೇನೂ ಇಲ್ಲ.

ಹಾಸನ 13

ನಾನು ಇಷ್ಟೊತ್ತು ಓದುತ್ತಿದ್ದೆ. ಕೇಳಿದವರ ಕಷ್ಟ ಟರ್ಬೊ ಅಲ್ಲ, ಭಾವಮೈದ. ಅದನ್ನು ಯಾರೂ ಹೇಳಲಿಲ್ಲ.

ನಾನು ಮತ್ತು ನನ್ನ ತಮ್ಮ ಬೈಕುಗಳ ವ್ಯಾಪಾರ ಮಾಡುತ್ತಿದ್ದೆವು, ಆಮೇಲೆ ಕಾರಿಗೆ ಇಳಿದೆವು. ಒಂದು ಗಾಡಿಯಲ್ಲಿ ಗೇರ್‌ಬಾಕ್ಸ್ ಹೋಗಿ 27,000 ಬಂತು. ನಾನು ಊರಲ್ಲಿ ಇರಲಿಲ್ಲ. ತಮ್ಮ ಪಾರ್ಟಿಗೆ ಪೂರ್ತಿ ಕೊಟ್ಟುಬಿಟ್ಟ, ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನು ನನ್ನ ಅರ್ಧ ಕೊಡುವುದಿಲ್ಲ ಅಂದೆ. ದುಡ್ಡು ಇರಲಿಲ್ಲ ಅಂತಲ್ಲ. ಕೇಳಲಿಲ್ಲ ಅನ್ನುವ ಕೋಪ. ಅವನು ಮರುದಿನ ಯಾರ್ಡಿನ ಬೀಗದ ಕೈ ಅಮ್ಮನ ಕೈಗೆ ಕೊಟ್ಟು ಹೋದ. 13,500 ರೂಪಾಯಿ. ಆಮೇಲೆ ನಾನು ಕಳಿಸಿದೆ, ಅವನು ವಾಪಸ್ ಕಳಿಸಿದ. ಮೂರು ಗೌರಿ ಹಬ್ಬ ಆಯಿತು, ಅಮ್ಮ ಎರಡು ಮನೆಯಲ್ಲಿ ಎರಡು ಸಲ ಪೂಜೆಗೆ ಕೂರುತ್ತಾಳೆ. ನಾನೀಗ ಒಬ್ಬನೇ ನಡೆಸುತ್ತಿದ್ದೇನೆ. ಗಾಡಿ ಚೆನ್ನಾಗಿಯೇ ಹೋಗುತ್ತವೆ. ಮಾರಿದ ಸಂಜೆ ಲೆಕ್ಕ ಹೇಳಲು ಯಾರೂ ಇರುವುದಿಲ್ಲ.

ಮಾತು ಕೊಟ್ಟವನು ನಿಮ್ಮ ಭಾವಮೈದ. ಮೇಷ್ಟ್ರ ಎದುರಿಗೆ ಅವನನ್ನು ಸುಳ್ಳುಗಾರ ಮಾಡಬೇಡಿ. ಮೊದಲು ಮೇಷ್ಟ್ರಿಗೆ ಇಬ್ಬರೂ ಸೇರಿ ಹೂಂ ಅನ್ನಿ, ಪಾಲಿನ ಜಗಳ ಆಮೇಲೆ ಯಾರ್ಡಿನ ಒಳಗೆ ಮಾಡಿಕೊಳ್ಳಿ.

ಮೈಸೂರು 09

ಹಾಸನದವರು ಹೇಳಿದ್ದು ಸರಿ. ಆ 'ಇದ್ದ ಸ್ಥಿತಿಯಲ್ಲೇ' ಸಾಲಿಗಿಂತ ಕೀ ಕೊಡುವಾಗ ಹೇಳಿದ ಮಾತು ದೊಡ್ಡದು. ನನಗೆ ಮಾರಿದವನೂ ಅದೇ ಮಾತು ಹೇಳಿದ್ದ, ಅದಕ್ಕೇ ನಾನು ಮೋಸ ಹೋದದ್ದು.

ಕೆಎ17 ಯಾರ್ಡ್

ಎಲ್ಲರಿಗೂ ಉತ್ತರ ಕೊಡಲು ಆಗಲಿಲ್ಲ, ಕ್ಷಮಿಸಿ. ಶಿವಮೊಗ್ಗದವರು ಹೇಳಿದ ಹಾಗೆ ಬೇರೆ ಗ್ಯಾರೇಜಿನಲ್ಲಿ ಪೈಪ್ ಬಿಚ್ಚಿಸಿದೆ. ನಾನೇ ಬೆರಳು ಹಾಕಿ ನೋಡಿದೆ, ಶಾಫ್ಟ್ ಹಿಂದೆ ಮುಂದೆ ಚೆನ್ನಾಗಿಯೇ ಆಡುತ್ತಿತ್ತು. ಆಯಿಲ್ ಪೈಪ್ ಮುಕ್ಕಾಲು ಕಟ್ಟಿತ್ತು. ಕೋರ್ ಹಾಕಿ ರೀಕಂಡೀಷನ್ 19,500. ಪೈಪ್, ಸಂಪ್ ಕ್ಲೀನಿಂಗ್, ಆಯಿಲ್ ಸೇರಿ 4,800. ಲೇಬರ್ 3,500. ಒಟ್ಟು 27,800ಕ್ಕೆ ನಿಂತಿತು. ಮೇಷ್ಟ್ರು 5,000 ಕೊಟ್ಟರು. ಉಳಿದ 22,800 ಸದ್ಯಕ್ಕೆ ನಾನು ಕಟ್ಟಿದ್ದೇನೆ.

ಭಾವಮೈದ ಇನ್ನೂ ಒಪ್ಪಿಲ್ಲ, ಆದರೆ ಗಾಡಿ ಬಿಡಿಸಿಕೊಳ್ಳುವ ದಿನ ಮೇಷ್ಟ್ರ ಜೊತೆ ಗ್ಯಾರೇಜಿಗೆ ಅವನೇ ಹೋದ. ನಾನು ಆ ಗಾಡಿಯ ನಂಬರ್ ಹಾಕಿ ಹೊಸ ಪುಟ ತೆಗೆದು ಅವತ್ತಿನ ತಾರೀಖಿಗೆ 22,800 ಬರೆದಿದ್ದೇನೆ. ನನ್ನ ಸಹಿ ಹಾಕಿದ್ದೇನೆ, ಅವನ ಜಾಗ ಖಾಲಿ ಬಿಟ್ಟಿದ್ದೇನೆ. ಅಧಿಕಾರಪತ್ರಕ್ಕೆ ಇನ್ನೂ ಅರ್ಜಿ ಹಾಕಿಲ್ಲ, ಈ ವಾರ ಆರ್‌ಟಿಒ ಕಚೇರಿಗೆ ಹೋಗುತ್ತೇನೆ.

ಮೈಸೂರು 09

ಮೇಷ್ಟ್ರ ಹತ್ತಿರ 5,000 ಯಾಕೆ ತೆಗೆದುಕೊಂಡಿರಿ?

ಕೆಎ17 ಯಾರ್ಡ್

ನಾನು ಕೇಳಲಿಲ್ಲ ಸಾರ್. ಆಯಿಲ್ ದುಡ್ಡು ನಂದು ಅಂತ ಅವರೇ ಟೇಬಲ್ ಮೇಲೆ ಇಟ್ಟರು.

ಮೈಸೂರು 09

ಇಟ್ಟರೂ ವಾಪಸ್ ಕೊಡಬೇಕಿತ್ತು.

ಹುಬ್ಬಳ್ಳಿ ಹಳೇಗಾಡಿ

ಇವರಿಗೆ ಏನು ಮಾಡಿದರೂ ಸಾಲದು. ಅಣ್ಣಾ, ನೀವು ಮುಂದಿನ ಗಾಡಿಯಿಂದ 6,000 ತೆಗೆದಿಡುವುದು ಶುರು ಮಾಡಿ. ಭಾವಮೈದನ ಎದುರಿಗೇ ತೆಗೆದಿಡಿ.